ಹಗೇವಿನಾಗ ಇಳಿದಾಂವ ಒದರಲಾರದ ಬೀಳೋದು ಯಾಕ? ಉಸಿರಾಟದ ಬಗ್ಗೆ ತಿಳದವರು ಹೇಳ್ರಿ

ಜೇವರ್ಗಿ ಕಡ್ಯಾಂವ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಹಳೀ ಮನಿ ಅಂಗಳದಾಗ ಮುತ್ಯಾನ ಅಪ್ಪನ ಕಾಲದ ಹಗೇವು, ಅಂದ್ರ ನೆಲದಾಗ ಕಾಳು ತುಂಬಿಡೋ ಗುಂಡಿ, ಒಂದದ. ಅದರಾಗ ಜ್ವಾಳ ತುಂಬೋದು ಬಿಟ್ಟು ಭಾಳ ವರ್ಷ ಆತು. ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ಯಾರ. ಈಗ ಮನಿ ಕೆಡವಿ ಹೊಸಾದು ಕಟ್ಟಬೇಕಾಗ್ಯದ, ಹಗೇವು ತೆಗೆದು ಒಳಗೇನದ ನೋಡಿ ಮುಚ್ಚೋಣು ಅಂತ ಕಾಕಾ ಅಂತಾರ. ಮುತ್ಯಾ ಮಾತ್ರ ಕಂದೀಲು ಬಿಟ್ಟು ನೋಡಲಾರದ ಯಾರೂ ಕಾಲಿಡಬ್ಯಾಡ್ರಿ ಅಂತ ಹಟ ಹಿಡದಾನ.

ಕಾಕಾನ ಮಗ ಭೀಮಾ ನದ್ಯಾಗ ಈಸು ಹೊಡಿಯಾಂವ. "ನಾ ಒಂದು ನಿಮಿಷ ನೀರಾಗ ಮುಳುಗಿ ಇರ್ತೀನಿ, ಎರಡು ಉಸಿರಿನ ಕೆಲಸಕ್ಕ ಏನಾಗ್ತದ" ಅಂತಾನ. ಹಗೇವಿನಾಗ ಬಿದ್ದವರು ಒದರೂದಿಲ್ಲ, ಸುಮ್ಮನ ಕುಸೀತಾರ ಅಂತ ಮುತ್ಯಾನ ಮಾತು. ಗಾಳಿ ಇಲ್ಲದಿದ್ರ ಉಸಿರು ಕಟ್ಟಿದಂಗ ಆಗಿ ಮನಷಾ ಹೊರಗ ಓಡಿ ಬರಬೇಕಲ್ಲ? ಮೈಯಾಗ ಈ ಉಸಿರಿನ ಕೆಲಸ ಹೆಂಗ ನಡೀತದ, ಬಿಡಿಸಿ ಹೇಳ್ರಿ. ತಮ್ಮಗ ಓದಸಬೇಕು.

ಆಳಂದದ ಹೊಲ
ಮುತ್ಯಾನ ಮಾತು ಕೇಳ್ರಿ. ನಮ್ಮ ಕಡಿ ಬಾಯಿ ತೆಗೆದು ಒಂದು ದಿನ ಹಂಗೇ ಬಿಡ್ತಿದ್ರು. ಆಮೇಲ ದೀಪ ಬಿಡ್ತಿದ್ರು. ದೀಪ ಆರಿದ್ರ ಮತ್ತ ಕಾಯೋದು.

ಭೀಮಾ ದಂಡಿ
ಖಾಲಿ ಹಗೇವಿನಾಗ ಎಲ್ಲಿ ಗ್ಯಾಸ್ ಇರ್ತದ್ರಿ? ಜ್ವಾಳ ತುಂಬಿದ್ರ ಮಾತು ಬ್ಯಾರೆ. ಸುಮ್ಮನ ಹುಡುಗರನ್ನ ಹೆದರಸ್ಲಾಕತ್ತೀರಿ.

ಯಾದಗಿರಿ ಮಾಸ್ತರ
ಭೀಮಾ ದಂಡಿ ಅವರ, ಪೂರಾ ಖಾಲಿ ಹಗೇವು ಅನ್ನೋದು ಇರೂದಿಲ್ಲ. ತಳದಾಗ ಉಳಿದ ಕಾಳು, ಸುತ್ತ ಹಾಸಿದ ಹುಲ್ಲು, ಅದರಾಗಿನ ಹುಳ, ಬೂಷ್ಟು, ಎಲ್ಲಾ ಉಸಿರಾಡ್ತಾವ. ಜ್ವಾಳದ ಕಾಳೂ ಜೀವ ಇರೋ ಬೀಜ. ಅದು ಆಮ್ಲಜನಕ ತೊಗೊಂಡು ಕಾರ್ಬನ್ ಡೈಆಕ್ಸೈಡ್ ಬಿಡ್ತದ. ಹಗೇವಿನ ಬಾಯಿ ಬಿಗಿಯಾಗಿ ಮುಚ್ಚಿದ್ದಕ್ಕೇ ಒಳಗಿನ ಹುಳ ಸತ್ತು ಜ್ವಾಳ ವರ್ಷಗಟ್ಟಲೆ ಉಳೀತಿತ್ತು. ಹುಳ ಸಾಯೋ ಗಾಳಿಯೊಳಗ ಮನುಷ್ಯಾ ಹೆಂಗ ಬದಕ್ತಾನ? ಮ್ಯಾಲ ಕಾರ್ಬನ್ ಡೈಆಕ್ಸೈಡ್ ಸಾದಾ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತಗ್ಗಿನಾಗೇ ಕೂತಿರ್ತದ.

ಈಗ ಉಸಿರಾಟಕ್ಕ ಬರೋಣ. ಶ್ವಾಸಕೋಶ ತಾನೇ ಗಾಳಿ ಎಳೀತದ ಅಂತ ಭಾಳ ಮಂದಿ ತಿಳಕೊಂಡಾರ. ಅದಕ್ಕ ತನ್ನನ್ನ ತಾನು ಅಗಲ ಮಾಡೋ ಸ್ನಾಯು ಇಲ್ಲ. ಎದಿ ಮತ್ತು ಹೊಟ್ಟಿ ನಡುವ ಮ್ಯಾಲಕ್ಕ ಉಬ್ಬಿದ ತೆಳು ಸ್ನಾಯು ಒಂದದ, ಅದಕ್ಕ ವಪೆ ಅಂತಾರ. ಅದು ಬಿಗಿದು ಕೆಳಗ ಇಳೀತದ, ಪಕ್ಕೆಲಬು ಮ್ಯಾಲೇಳ್ತಾವ, ಎದಿಗೂಡು ದೊಡ್ಡದಾಗ್ತದ. ಒಳಗಿನ ಒತ್ತಡ ಜರಾ ಕಡಿಮಿ ಆತು ಅಂದ್ರ ಹೊರಗಿನ ಗಾಳಿ ತಾನೇ ಒಳಗ ನುಗ್ತದ. ಕಮ್ಮಾರರ ಮನ್ಯಾಗ ತಿದಿ ನೋಡಿದವರಿಗೆ ಇದು ಲಗೂನ ತಿಳೀತದ, ತಿದಿ ಹಿಗ್ಗಿಸಿದ ಮ್ಯಾಲೇ ಗಾಳಿ ಬರ್ತದ. ಉಸಿರು ಬಿಡೋವಾಗ ವಪೆ ಸಡಲಾಗ್ತದ, ಹಿಗ್ಗಿದ ಶ್ವಾಸಕೋಶ ತಾನೇ ಕುಗ್ತದ. ಸುಮ್ಮನ ಕೂತಾಗ ಉಸಿರು ಬಿಡ್ಲಾಕ ಬ್ಯಾರೆ ಶಕ್ತಿ ಬೇಕಾಗಿಲ್ಲ.

ದೊಡ್ಡವರು ನಿಮಿಷಕ್ಕ 12ರಿಂದ 20 ಸಲ ಉಸಿರಾಡ್ತಾರ, ಒಂದು ಸಲಕ್ಕ ಸುಮಾರು ಅರ್ಧ ಲೀಟರ್. ಅದರಾಗ 150 ಮಿಲಿಲೀಟರ್ ಮೂಗು, ಗಂಟಲು, ನಾಳದೊಳಗೇ ಉಳಿದು ಹೋಗ್ತದ, ರಕ್ತದ ಹತ್ರ ಮುಟ್ಟೂದಿಲ್ಲ. ಉಳಿದದ್ದು ಸುಮಾರು 23 ಸಲ ಕವಲೊಡೆದ ನಾಳದಾಗ ಹಾದು ಕಡೀಕ ಗಾಳಿಗೂಡುಗಳಿಗೆ ಬರ್ತದ. ಇವು 30 ಕೋಟಿಗೂ ಮಿಕ್ಕಿ ಅವ. ಅವೆಲ್ಲದರ ಒಳಮೈ ಹಾಸಿದ್ರ ಸುಮಾರು 70 ಚದರ ಮೀಟರ್ ಆಗ್ತದ. ಅಷ್ಟು ಜಾಗದ ಮ್ಯಾಲ ಗಾಳಿಗೂ ರಕ್ತಕ್ಕೂ ನಡುವ ಒಂದು ಮೈಕ್ರಾನ್‌ಗಿಂತ ತೆಳು ಪೊರಿ ಅಷ್ಟೇ.

ಕೋಟೆ ಬೀದರ್
ಮಾಸ್ತರ್ರ ಚಲೋ ಬರದೀರಿ. ನಂದೊಂದು ಅನುಮಾನ. ನಾವು ಆಮ್ಲಜನಕ ಎಳಕೊಂಡು ಬರೇ ಕಾರ್ಬನ್ ಡೈಆಕ್ಸೈಡ್ ಬಿಡ್ತೀವಿ ಅಂತ ಸಾಲ್ಯಾಗ ಕಲಿಸಿದ್ರು. ಖರೇನ?

ಯಾದಗಿರಿ ಮಾಸ್ತರ
ಹಂಗಿಲ್ರಿ. ಒಳಗ ಹೋಗೋ ಗಾಳ್ಯಾಗ ಆಮ್ಲಜನಕ 21 ಪರ್ಸೆಂಟ್ ಇದ್ರ ಹೊರಗ ಬರೋದ್ರಾಗ ಇನ್ನೂ 16 ಇರ್ತದ. ಕಾರ್ಬನ್ ಡೈಆಕ್ಸೈಡ್ 0.04 ಇದ್ದದ್ದು ಸುಮಾರು 4 ಆಗ್ತದ. ನೈಟ್ರೋಜನ್ 78 ಹೆಂಗ ಹೋತು ಹಂಗೇ ಬರ್ತದ. ಅದಕ್ಕೇ ಎಚ್ಚರ ತಪ್ಪಿ ಉಸಿರು ನಿಂತವರ ಬಾಯಿಗೆ ಬಾಯಿ ಹಚ್ಚಿ ಊದಿದ್ರ ಅವರಿಗೆ ಉಪಯೋಗ ಆಗ್ತದ.

ಡಾಕ್ಟರ್ ಅಕ್ಕ ಕಲಬುರಗಿ
ಜೇವರ್ಗಿ ತಮ್ಮಾ, ನಿಮ್ಮ ಕಾಕಾನ ಮಗನ ಮಾತಿಗೆ ನಾನು ಉತ್ತರ ಕೊಡ್ತೀನಿ. ಇದನ್ನ ಅವನಿಗೆ ತಪ್ಪದೆ ಓದಿಸು.

ನದಿಯಲ್ಲಿ ಮುಳುಗುವಾಗ ಅವನ ಎದೆಯಲ್ಲಿ ಒಳ್ಳೆ ಗಾಳಿ ತುಂಬಿರ್ತದೆ. ಉಸಿರು ಬಿಗಿ ಹಿಡಿದರೂ ರಕ್ತ ಆ ಗಾಳಿಯಿಂದ ಆಮ್ಲಜನಕ ತೆಗೆದುಕೊಳ್ತಾ ಇರ್ತದೆ, ಅದಕ್ಕೆ ಒಂದು ನಿಮಿಷ ನಡೀತದೆ. ಹಗೇವಿನಲ್ಲಿ ಅವನು ಉಸಿರು ಎಳೀತಾನೆ. ಅಲ್ಲೇ ವ್ಯತ್ಯಾಸ. ಗಾಳಿಗೂಡಿನ ಪೊರೆಗೆ ಒಳಗೆ, ಹೊರಗೆ ಅನ್ನೋ ಭೇದ ಗೊತ್ತಿಲ್ಲ. ಆಮ್ಲಜನಕದ ಒತ್ತಡ ಯಾವ ಕಡೆ ಹೆಚ್ಚಿದೆಯೋ ಅಲ್ಲಿಂದ ಕಡಿಮೆ ಇರೋ ಕಡೆಗೆ ಅದು ಹರೀತದೆ. ಸಾಮಾನ್ಯವಾಗಿ ಗಾಳಿಗೂಡಿನೊಳಗೆ ಆ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸ, ಮೈಯೆಲ್ಲ ಸುತ್ತಿ ಬಂದ ರಕ್ತದಲ್ಲಿ ಸುಮಾರು 40. ಆದ್ದರಿಂದ ಆಮ್ಲಜನಕ ರಕ್ತಕ್ಕೆ ಬರ್ತದೆ. ಆಮ್ಲಜನಕವೇ ಇಲ್ಲದ ಗಾಳಿ ಎಳೆದು ಗಾಳಿಗೂಡಿನ ಒತ್ತಡ 40ಕ್ಕಿಂತ ಕೆಳಗೆ ಬಂತು ಅಂದರೆ ರಕ್ತದಲ್ಲಿ ಉಳಿದಿದ್ದ ಆಮ್ಲಜನಕವೂ ಹೊರಗೆ ಹೋಗ್ತದೆ. ಪ್ರತಿ ಉಸಿರಿಗೂ ಕಳೆದುಕೊಳ್ತಾ ಹೋಗ್ತಾನೆ. ಆ ರಕ್ತ ಶ್ವಾಸಕೋಶದಿಂದ ಮೆದುಳಿಗೆ ಮುಟ್ಟಲು ಕೆಲವೇ ಸೆಕೆಂಡು ಸಾಕು. ಎರಡು ಉಸಿರಿನ ಕೆಲಸ ಅಂತ ಅವನು ಅಂದದ್ದು, ಆ ಎರಡು ಉಸಿರೇ ಅವನನ್ನ ಬೀಳಿಸ್ತಾವೆ.

ಇನ್ನು ಒದರದೆ ಬೀಳೋದು ಯಾಕೆ ಅನ್ನೋ ಪ್ರಶ್ನೆ. ನಮಗೆ ಉಸಿರು ಕಟ್ಟಿದ ಸಂಕಟ ಕೊಡೋದು ಮುಖ್ಯವಾಗಿ ಆಮ್ಲಜನಕದ ಕೊರತೆ ಅಲ್ಲ. ರಕ್ತದಲ್ಲಿ ಹೆಚ್ಚಾದ ಕಾರ್ಬನ್ ಡೈಆಕ್ಸೈಡ್. ಮೆದುಳಿನ ಬುಡದಲ್ಲಿರೋ ಮೆಡುಲ್ಲಾ ಅದನ್ನೇ ಗಮನಿಸ್ತಾ ಉಸಿರಿನ ವೇಗ ಹೆಚ್ಚು ಕಡಿಮೆ ಮಾಡ್ತದೆ. ಆಮ್ಲಜನಕ ನೋಡುವ ಸಣ್ಣ ಅಂಗ ಕುತ್ತಿಗೆಯ ರಕ್ತನಾಳದಲ್ಲಿ ಇದೆ, ಆದರೆ ಆಮ್ಲಜನಕ ಸಾಕಷ್ಟು ಇಳಿಯೋ ತನಕ ಅದು ಜೋರು ಮಾಡೋದಿಲ್ಲ. ಅಷ್ಟರಲ್ಲಿ ಬುದ್ಧಿ ಮಂಕಾಗಿರ್ತದೆ.

ಭೀಮಾ ದಂಡಿ
ಡಾಕ್ಟರ್ ಅಕ್ಕೋರ, ನಿಮ್ಮ ಮಾತಿನಾಗೇ ತೊಡಕು ಅದ. ಸಂಕಟ ಕೊಡೋದು ಕಾರ್ಬನ್ ಡೈಆಕ್ಸೈಡ್ ಅಂತೀರಿ. ಹಗೇವಿನಾಗ ಅದೇ ತುಂಬ್ಯದ ಅಂತ ಮಾಸ್ತರ್ ಅಂತಾರ. ಹಂಗಿದ್ರ ಇಳಿದ ಕೂಡ್ಲೇ ಸಂಕಟ ಆಗಿ ಹೊರಗ ಬರಬೇಕಲ್ಲ?

ಡಾಕ್ಟರ್ ಅಕ್ಕ ಕಲಬುರಗಿ
ಒಳ್ಳೆ ಪ್ರಶ್ನೆ. ಮೂರು ನಾಲ್ಕು ಪರ್ಸೆಂಟ್ ಇದ್ದರೆ ನೀವು ಹೇಳಿದ ಹಾಗೇ ಆಗ್ತದೆ: ದಮ್ಮು ಹತ್ತತದೆ, ತಲೆ ನೋಯ್ತದೆ, ಮನುಷ್ಯ ಹೊರಗೆ ಬರ್ತಾನೆ. ಹತ್ತು ಪರ್ಸೆಂಟ್ ದಾಟಿದರೆ ಆ ಅನಿಲವೇ ಮೆದುಳನ್ನ ಮಂಕು ಮಾಡ್ತದೆ, ನಿಮಿಷದ ಆಸುಪಾಸಿನಲ್ಲಿ ಎಚ್ಚರ ತಪ್ತದೆ. ಸಂಕಟದಿಂದ ಜೋರಾಗಿ ಉಸಿರು ಎಳೆದಷ್ಟೂ ಅದೇ ಗಾಳಿ ಒಳಗೆ ಹೋಗ್ತದೆ. ಹಗೇವಿನ ಬಾಯಿ ಎಷ್ಟು ಸಣ್ಣದು ನೋಡಿದ್ದೀರಲ್ಲ? ಹಗ್ಗ ಹಿಡಿದು ಮೈ ಮೇಲಕ್ಕೆ ಎತ್ತೋ ಶಕ್ತಿ ಆಗ ಕೈಯಲ್ಲಿ ಉಳಿದಿರೋದಿಲ್ಲ. ಕಾಳು, ಬೂಷ್ಟು ಆಮ್ಲಜನಕ ತಿಂದು ಕಾರ್ಬನ್ ಡೈಆಕ್ಸೈಡ್ ಬಿಟ್ಟಿರ್ತಾವೆ, ಅಂದರೆ ಎರಡೂ ಪೆಟ್ಟು ಒಟ್ಟಿಗೇ.

ಕೋಟೆ ಬೀದರ್
ನಮ್ಮ ಬೀದರ್ ವಾಯುಪಡೆ ನೆಲೆಯಾಗ ಹಾಕ್ ವಿಮಾನದ ಮ್ಯಾಲ ಹುಡುಗರಿಗೆ ತರಬೇತಿ ಕೊಡ್ತಾರ. ಪೈಲಟ್‌ಗಳಿಗೂ ಇದೇ ಪಾಠ. ಭಾಳ ಎತ್ತರದಾಗ ಆಮ್ಲಜನಕ ಕಡಿಮಿ ಆದ್ರ ಸಂಕಟ ಆಗೂದಿಲ್ಲ, ಕೆಲವರಿಗಂತೂ ಖುಷಿ ಖುಷಿ ಆಗ್ತದ, ಲೆಕ್ಕ ತಪ್ತದ. ಅದಕ್ಕೇ ಬೆಂಗಳೂರಿನ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಾಗ ಒತ್ತಡ ಕಡಿಮಿ ಮಾಡಿದ ಕೋಣಿಯೊಳಗ ಕೂಡಿಸಿ ಆ ಲಕ್ಷಣ ಗುರುತು ಹಿಡಿಯೋದು ಕಲಸ್ತಾರ. ಅಷ್ಟು ತರಬೇತಿ ಆದವರಿಗೇ ಹಂಗ ಆದ್ರ ಹಗೇವಿನಾಗ ಇಳಿಯೋ ನಮ್ಮ ಹುಡುಗರ ಪಾಡೇನು?

ಬಿಸಿಲೂರು ಹುಡುಗಿ
ಹಂಗಿದ್ರ ಬೀದರ್ ಕಲಬುರಗಿಗಿಂತ ಎತ್ತರ ಅದಲ್ಲ, ಅಲ್ಲಿ ಆಮ್ಲಜನಕ ಕಡಿಮಿ ಅದೇನು?

ಯಾದಗಿರಿ ಮಾಸ್ತರ
ಬೀದರ್ ಸುಮಾರು 2,200 ಅಡಿ, ಕಲಬುರಗಿ ಸುಮಾರು 1,500 ಅಡಿ. ಎರಡೂ ಕಡಿ ಗಾಳ್ಯಾಗ ಆಮ್ಲಜನಕ 21 ಪರ್ಸೆಂಟೇ. ಬೀದರ್‌ನಾಗ ಗಾಳಿ ಒತ್ತಡ ಒಂದೀಟು ಕಡಿಮಿ, ಮೈಗೆ ಗೊತ್ತಾಗೋವಷ್ಟು ಅಲ್ಲ.

ಅಫಜಲಪುರ ಪ್ಯಾಟಿ
ಒಂದು ಮಾತು ಎಲ್ಲಾರೂ ಬಿಟ್ಟೀರಿ. ಇಂಥಾ ಕಡಿ ಸಾಯೋರು ಒಬ್ಬರೇ ಅಲ್ಲ. ಬಿದ್ದ ತಮ್ಮನ್ನ ಎತ್ಲಾಕ ಅಣ್ಣ ಇಳೀತಾನ, ಅಣ್ಣನ್ನ ಎತ್ಲಾಕ ಅಪ್ಪ. ಹಾಳು ಬಾವ್ಯಾಗ ನಮ್ಮ ಕಡಿ ಹಿಂಗೇ ಆಗ್ಯದ, ಆ ಮನಿ ಬಾಗಲಿಗೆ ಹೋಗಿ ನಿಂತು ಮಾತಾಡ್ಲಾಕ ಆಗಿಲ್ಲ ನನಗ. ಮೊದಲನೇದಾಂವ ಬಿದ್ದ ಅಂದ್ರ ಯಾರೂ ಇಳೀಬ್ಯಾಡ್ರಿ. 101 ಇಲ್ಲಾ 112ಕ್ಕ ಫೋನ್ ಹಚ್ರಿ. ಗಾಳಿ ಬಡಿಯೋ ಬ್ಲೋವರ್ ಇದ್ರ ಒಳಗ ಪೈಪ್ ಬಿಟ್ಟು ಗಾಳಿ ಹೊಡೀರಿ.

ಭೀಮಾ ದಂಡಿ
ಮತ್ತ ಈ ಕಂದೀಲಿನ ಲೆಕ್ಕ ಬರೋಬ್ಬರಿ ಅದೇನು?

ಯಾದಗಿರಿ ಮಾಸ್ತರ
ಹಗೇವಿನ ಮಟ್ಟಿಗೆ ಭಾಳಷ್ಟು ಬರೋಬ್ಬರಿ. ಆಮ್ಲಜನಕ 16-17 ಪರ್ಸೆಂಟಿಗೆ ಇಳಿದ್ರ ದೀಪ ಆರ್ತದ, ಮನುಷ್ಯಾಗ ಆಗ ಇನ್ನೂ ಎಚ್ಚರ ಇರ್ತದ. ಅಂದ್ರ ದೀಪ ನಮಗಿಂತ ಮೊದಲೇ ಹೇಳ್ತದ. ದೀಪ ತಳಕ್ಕ ಮುಟ್ಟೋತನಕ ಬಿಡಬೇಕು, ಬಾಯಿ ಹತ್ರ ಹಿಡಿದು ತೆಗೆಯೋದಲ್ಲ.

ಗಟಾರದ ಮ್ಯಾನ್‌ಹೋಲಿಗೆ, ಶೌಚದ ಗುಂಡಿಗೆ ಮಾತ್ರ ದೀಪ ತೊಗೊಂಡು ಹೋಗಬ್ಯಾಡ್ರಿ. ಅಲ್ಲಿ ಮೀಥೇನ್ ಇದ್ರ ಹೊತ್ತತದ. ಕೊಳೆತ ತತ್ತಿ ವಾಸನಿ ಇರೋ ಹೈಡ್ರೋಜನ್ ಸಲ್ಫೈಡ್ ಮನುಷ್ಯಾನ್ನ ಕೊಲ್ಲೋವಷ್ಟು ಇದ್ರೂ ದೀಪ ಉರೀತಾನೇ ಇರ್ತದ. ಅದು ಹೆಚ್ಚಾದ್ರ ಮೂಗಿನ ವಾಸನಿ ಶಕ್ತೀನೂ ಸಾಯ್ತದ, ವಾಸನಿ ಹೋತು ಅಂತ ಇಳಿದಾಂವ ಅಲ್ಲೇ ಬೀಳ್ತಾನ. ಅಲ್ಲಿ ಮನುಷ್ಯಾನ್ನ ಇಳಸೋದೇ ತಪ್ಪು, ರಕ್ಷಣಾ ಸಾಧನ ಇಲ್ಲದ ಇಳಸೋದನ್ನ 2013ರ ಕಾಯ್ದೆ ನಿಷೇಧ ಮಾಡ್ಯದ. ಇನ್ನೂ ಇಳಸ್ಲಾಕತ್ತಾರ ಅನ್ನೋದು ನನಗ ಭಾಳ ಸಿಟ್ಟು ತರಸ್ತದ.

ಗೌಂಡಿ ಕೆಲಸ ಚಿತ್ತಾಪುರ
ಇಷ್ಟೆಲ್ಲಾ ಯಾಕ್ರಿ? ಒಳಗ ಇಳಿಯೋದೇ ಬ್ಯಾಡ. ಬಾಯಿ ಅಗಲ ಮಾಡಿ ಮ್ಯಾಲಿಂದ ಗರಸು ಸುರದು, ನೀರು ಬಿಟ್ಟು ದಬಾಯಿಸ್ರಿ. ಪಾಯ ಹಾಕೋ ಮೊದಲು ಒಂದು ಮಳಿಗಾಲ ಬಿಟ್ರ ಇನ್ನೂ ಚಲೋ.

ಜೇವರ್ಗಿ ಕಡ್ಯಾಂವ
ಗೌಂಡಿ ಅಣ್ಣಾರ, ಒಳಗ ತಾಮ್ರದ ಹಂಡೆ ಬಿದ್ದದ ಅಂತ ಆಯಿ ಅಂತಾಳ. ಅದಕ್ಕೇ ಇಳೀಬೇಕು ಅಂತ ತಮ್ಮನ ಹಟ.

ಗೌಂಡಿ ಕೆಲಸ ಚಿತ್ತಾಪುರ
ಪಾತಾಳಗರಡಿ ಬಿಡ್ರಿ. ಬಾವ್ಯಾಗ ಬಿದ್ದ ಕೊಡ ಎತ್ತೋದು ಅದರಲೇ ಅಲ್ಲೇನು? ಮೊಬೈಲಿಗೆ ಹಗ್ಗ ಕಟ್ಟಿ, ಲೈಟ್ ಹಚ್ಚಿ, ವಿಡಿಯೋ ಮಾಡಕೋತ ಇಳಸ್ರಿ. ಹಂಡೆ ಎಲ್ಲದ ಕಾಣ್ತದ.

ಫರಸಿ ಶಹಾಬಾದ
ಉಸಿರಿನ ಮಾತು ಬಂತಂತ ನಮ್ಮ ಕಡಿ ಕಷ್ಟಾನೂ ಹೇಳ್ತೀನಿ. ನಮ್ಮಣ್ಣ ಫರಸಿ ಕಡಿಯೋ, ಪಾಲಿಷ್ ಮಾಡೋ ಕೆಲಸದಾಗ ಹರೇ ಕಳದಾನ. ಒಣ ಕಲ್ಲಿನ ಮ್ಯಾಲ ಮಷೀನ್ ಓಡಿಸಿದ್ರ ಎದುರು ನಿಂತವರ ಮುಖ ಕಾಣ್ತಿದ್ದಿಲ್ಲ. ಮೂಗಿಗೆ ಟವೆಲ್ ಒಂದೇ. ಈಗ ನಾಕು ಮೆಟ್ಟಲು ಹತ್ತಿದ್ರ ಕೂಡಬೇಕು. ಮೊದಲು ಟಿಬಿ ಅಂತ ಗುಳಿಗಿ ನುಂಗಿಸಿದ್ರು, ಆಮೇಲ ಎದಿ ಚಿತ್ರ ನೋಡಿ ಧೂಳಿನ ಬ್ಯಾನಿ ಅಂದ್ರು. ಕೆಮ್ಮಿ ಕೆಮ್ಮಿ ಕಫದ ಕೂಡ ಈ ಧೂಳು ಹೊರಗ ಬರೂದಿಲ್ಲೇನ್ರಿ?

ಭೀಮಾ ದಂಡಿ
ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಸಿಲಿಕೋಸಿಸ್, ಅಂದ್ರ ಕಲ್ಲಿನಾಗಿನ ಸಿಲಿಕಾ ಧೂಳಿನ ಬ್ಯಾನಿ, ಬರೋದು ಗ್ರಾನೈಟ್, ಮರಳುಗಲ್ಲಿನಿಂದ.

ಡಾಕ್ಟರ್ ಅಕ್ಕ ಕಲಬುರಗಿ
ಫರಸಿ ಅಣ್ಣಾರೆ, ನಿಮ್ಮಣ್ಣನ ಕಷ್ಟ ಓದಿ ಸಂಕಟ ಆಯ್ತು. ಶಹಾಬಾದ್ ಕಲ್ಲು ಸುಣ್ಣಕಲ್ಲು ಅನ್ನೋದು ನಿಜ, ಆದರೆ ಅದರಲ್ಲಿ ಸಿಲಿಕಾ ಕೂಡ ಬೆರೆತಿರ್ತದೆ. ಗ್ರಾನೈಟಿನಷ್ಟು ಇಲ್ಲ ಅಂತ ವರ್ಷಗಟ್ಟಲೆ ಒಣ ಧೂಳು ಕುಡಿಯೋದು ಸುರಕ್ಷಿತ ಆಗೋದಿಲ್ಲ.

ಕಫದ ಬಗ್ಗೆ ಕೇಳಿದಿರಿ. ದಪ್ಪ ಧೂಳು ಮೂಗಿನ ಕೂದಲು, ಸಿಂಬಳದಲ್ಲೇ ಸಿಗ್ತದೆ. ಅದಕ್ಕಿಂತ ಸಣ್ಣದು ನಾಳದ ಗೋಡೆಯ ಲೋಳೆಗೆ ಅಂಟ್ತದೆ. ಆ ಗೋಡೆ ಮೇಲೆ ಕಣ್ಣಿಗೆ ಕಾಣದ ರೋಮಗಳಿವೆ, ಅವು ಲೋಳೆಯನ್ನ ಗಂಟಲಿನ ಕಡೆ ತಳ್ತಾ ಇರ್ತಾವೆ, ನಾವು ಕೆಮ್ಮಿ ಉಗುಳ್ತೀವಿ ಇಲ್ಲ ನುಂಗ್ತೀವಿ. ಬೀಡಿ ಸೇದೋರಿಗೆ ಈ ರೋಮಗಳು ಸೋತು ಹೋಗ್ತಾವೆ. ಐದು ಮೈಕ್ರಾನ್‌ಗಿಂತ ಸಣ್ಣ ಧೂಳು ಗಾಳಿಗೂಡಿನ ತನಕ ಇಳೀತದೆ, ಅಲ್ಲಿ ರೋಮ ಇಲ್ಲ. ಅಲ್ಲಿರೋ ಕಾವಲು ಕಣಗಳು ಧೂಳನ್ನ ನುಂಗ್ತಾವೆ. ಸಿಲಿಕಾ ನುಂಗಿದ ಕಣ ತಾನೇ ಸಾಯ್ತದೆ, ಧೂಳು ಮತ್ತೆ ಹೊರಗೆ ಬಿದ್ದು ಇನ್ನೊಂದು ಕಣ ಅದನ್ನ ನುಂಗ್ತದೆ. ಹೀಗೇ ನಡೆದು ಅಲ್ಲೆಲ್ಲ ಗಾಯದ ಗಟ್ಟಿ ಕಲೆ ಕಟ್ತದೆ. ಹಿಗ್ಗಬೇಕಾದ ಶ್ವಾಸಕೋಶ ಬಿರುಸಾಗ್ತದೆ. ಈ ಕಲೆ ತೆಗೆಯೋ ಔಷಧ ಇಲ್ಲ, ಅದಕ್ಕೇ ತಡೆಯೋದೊಂದೇ ದಾರಿ.

ಸಿಲಿಕೋಸಿಸ್ ಇದ್ದವರಿಗೆ ಟಿಬಿ ಹತ್ತೋದೂ ಹೆಚ್ಚು, ಅದಕ್ಕೆ ಕಫ ಪರೀಕ್ಷೆ ಬಿಡಬೇಡಿ. ಕಾಯ್ದೆ ಪ್ರಕಾರ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಕಾರ್ಮಿಕರಿಗೆ ಪರಿಹಾರ ಸಿಗೋ ರೋಗಗಳ ಪಟ್ಟಿಯಲ್ಲೂ ಇದೆ. ಎದೆ ಚಿತ್ರ, ಕೆಲಸ ಮಾಡಿದ ದಾಖಲೆ ಜೋಪಾನ ಮಾಡಿ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ ಕೇಳಿ. ಈಗಲೂ ಕೆಲಸದಲ್ಲಿರೋ ಹುಡುಗರಿಗೆ ನೀರು ಹಾಕಿ ಕೊಯ್ಯೋಕೆ ಹೇಳಿ. ಟವೆಲ್ ಈ ಧೂಳನ್ನ ತಡೆಯೋದಿಲ್ಲ, ಮುಖಕ್ಕೆ ಸರಿಯಾಗಿ ಕೂಡೋ ಎನ್ 95 ಮಾಸ್ಕ್ ಬೇಕು.

ಫರಸಿ ಶಹಾಬಾದ
ನೀರು ಹಾಕ್ರಿ ಅಂದ್ರ ಕೆಲಸ ತಡ ಆಗ್ತದ ಅಂತಿದ್ರು ಮಾಲಕರು. ಕಾಯ್ದೆ ಮಾತು ಇವತ್ತೇ ಕೇಳಿದೆ. ಚಿತ್ರ ಎಲ್ಲಾ ಅವ, ಸೋಮವಾರ ಹೋಗ್ತೀನ್ರಿ.

ತೊಗರಿ ಕಣಜ
ನಮಗ ರಾಶಿ ದಿನದಾಗ ಇದೇ ತಾಪತ್ರಯ. ತೊಗರಿ ರಾಶಿ ಮಾಡೋ ಮಷೀನ್ ಮುಂದ ನಿಂತ್ರ ರಾತ್ರಿ ಎದಿ ಸುಯ್ ಸುಯ್ ಅಂತದ. ಡಾಕ್ಟರ್ ಪಂಪ್ (ಇನ್ಹೇಲರ್) ಬರದು ಕೊಟ್ಟಾರ, ಮನ್ಯಾಗ ಬ್ಯಾಡ ಅಂತಾರ. ಒಮ್ಮೆ ಹಚ್ಚಿದ್ರ ಚಟ ಆಗ್ತದ, ಗುಳಿಗೀನೇ ಚಲೋ ಅಂತ.

ಬಿಸಿಲೂರು ಹುಡುಗಿ
ನಮ್ಮ ಅತ್ತಿನೂ ಪಂಪಿಗೆ ಹೆದರ್ತಾರ. ಮಿರಗ ಕೂಡೋ ದಿನ ಹೈದರಾಬಾದಿಗೆ ಮೀನಿನ ಪ್ರಸಾದಕ್ಕ ಹೋಗ್ತಾರ. ನಾಂಪಲ್ಲಿ ಎಕ್ಸಿಬಿಷನ್ ಮೈದಾನದಾಗ ಸಾಲು ನೋಡಬೇಕು, ನಮ್ಮ ಕಲಬುರಗಿ, ಬೀದರ್ ಮಂದಿ ಎಷ್ಟು ಬರ್ತಾರ!

ಕೋಟೆ ಬೀದರ್
ಜೀವಂತ ಮೀನು ನುಂಗಿ ದಮ್ಮು ಹೋಗೋದು ಹೆಂಗ್ರಿ? ಮೀನು ಹೋಗೋದು ಹೊಟ್ಟಿಗೆ, ಬ್ಯಾನಿ ಇರೋದು ಶ್ವಾಸನಾಳದಾಗ.

ಬಿಸಿಲೂರು ಹುಡುಗಿ
ಅಣ್ಣಾರ, ಗುಳಿಗೀನೂ ಹೊಟ್ಟಿಗೇ ಹೋಗ್ತದಲ್ಲ. ನಂಬಿಕಿ ಇಟ್ಟು ಹೋಗೋ ಮಂದೀನ ಹಂಗ ಅನಬ್ಯಾಡ್ರಿ.

ಡಾಕ್ಟರ್ ಅಕ್ಕ ಕಲಬುರಗಿ
ಜಗಳ ಬೇಡ. ಆ ಪ್ರಸಾದದಿಂದ ದಮ್ಮು ಗುಣ ಆಗ್ತದೆ ಅನ್ನೋದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ದಮ್ಮಿನ ಸ್ವಭಾವವೇ ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಏಳೋದು. ಅತ್ತೆ ಹೋಗೋದಾದರೆ ಹೋಗಲಿ, ಪಂಪ್ ಮಾತ್ರ ಬ್ಯಾಗಿನಲ್ಲಿ ಇರಲಿ. ಆ ಜನಜಂಗುಳಿ, ಧೂಳಿನ ನಡುವೆಯೇ ದಮ್ಮು ಎದ್ದರೆ ಏನು ಗತಿ?

ತೊಗರಿ ಕಣಜ ಅವರೇ, ದಮ್ಮಿನಲ್ಲಿ ಸಣ್ಣ ನಾಳದ ಸುತ್ತಲಿನ ಸ್ನಾಯು ಬಿಗೀತದೆ, ಒಳಗೋಡೆ ಬಾತು ಲೋಳೆ ತುಂಬ್ತದೆ. ಉಸಿರು ಎಳೆಯೋದಕ್ಕಿಂತ ಬಿಡೋದು ಕಷ್ಟ ಆಗ್ತದೆ, ಆ ಸುಯ್ ಸಪ್ಪಳ ಅದೇ. ಆ ಸ್ನಾಯು ಸಡಿಲಿಸೋ ಔಷಧ ಸಾಲ್ಬುಟಮಾಲ್, ಅದರ ಗುಳಿಗೆಯಲ್ಲಿ 2 ಇಲ್ಲ 4 ಮಿಲಿಗ್ರಾಂ ಇರ್ತದೆ, ಮೈಯೆಲ್ಲ ಸುತ್ತಿ ಕೈ ನಡುಗಿಸಿ ಎದೆ ಬಡಿಸಿ ಆಮೇಲೆ ನಾಳಕ್ಕೆ ಬರ್ತದೆ. ಪಂಪಿನ ಒಂದು ಹೊಡೆತದಲ್ಲಿ 100 ಮೈಕ್ರೋಗ್ರಾಂ, ಅಂದರೆ 2 ಮಿಲಿಗ್ರಾಂ ಗುಳಿಗೆಯ ಇಪ್ಪತ್ತರಲ್ಲಿ ಒಂದು ಪಾಲು. ಅದು ನೇರ ನಾಳಕ್ಕೇ ಹೋಗ್ತದೆ. ಯಾವುದು ಕಡಿಮೆ ಔಷಧ, ಮನೆಯವರೇ ಹೇಳಲಿ. ಬಾವು ಇಳಿಸೋ ಪಂಪ್ ಬೇರೆ ಕೊಟ್ಟಿದ್ದರೆ ಅದನ್ನ ಸಪ್ಪಳ ಇಲ್ಲದ ದಿನವೂ ತೆಗೆದುಕೊಳ್ಳಬೇಕು.

ಆಳಂದದ ಹೊಲ
ರಾಶಿ ಮಾಡೋವಾಗ ಗಾಳಿ ಬೆನ್ನಿಗೆ ಇರೋ ಹಂಗ ನಿಲ್ರಿ. ಹೊಟ್ಟು ಎದುರಿಗೆ ಬರೂದಿಲ್ಲ. ನಮ್ಮಪ್ಪ ಮಷೀನ್ ತಂದು ನಿಲ್ಲಿಸೋ ಮೊದಲೇ ಗಾಳಿ ದಿಕ್ಕು ನೋಡ್ತಿದ್ದ.

ಶಹಾಪುರ ಹತ್ತಿ
ನಾ ಹತ್ತಿ ಜಿನ್ನಿಂಗ್ ಮಿಲ್ಲಿನಾಗ ಕೆಲಸ ಮಾಡಾಂವ. ರಜಾ ಮುಗಿಸಿ ಹೋದ ಮೊದಲ ದಿನಾನೇ ಎದಿ ಬಿಗೀತದ, ಆಮೇಲ ವಾರ ಪೂರ್ತಿ ಸ್ವಲ್ಪ ಕಡಿಮಿ. ಕೆಲಸಗಳ್ಳತನ ಅಂತ ನಗ್ತಾರ ಮಂದಿ.

ಡಾಕ್ಟರ್ ಅಕ್ಕ ಕಲಬುರಗಿ
ಕೆಲಸಗಳ್ಳತನ ಅಲ್ಲ. ಹತ್ತಿ ಧೂಳಿನ ಶ್ವಾಸಕೋಶದ ರೋಗ ಶುರುವಾಗೋದೇ ಹೀಗೆ, ರಜೆ ಆದ ಮೊದಲ ದಿನ. ಬಿಸಿನೋಸಿಸ್ ಅಂತಾರೆ. ಬೇಗ ಧೂಳಿನಿಂದ ದೂರ ಆದರೆ ಸುಧಾರಿಸ್ತದೆ, ವರ್ಷಗಟ್ಟಲೆ ಬಿಟ್ಟರೆ ಉಳಿದುಬಿಡ್ತದೆ. ಉಸಿರು ಊದಿಸಿ ನೋಡೋ ಪರೀಕ್ಷೆ ಇದೆ, ಕೆಲಸದ ವಿಷಯ ಹೇಳಿ ಮಾಡಿಸಿ.

ಜೇವರ್ಗಿ ಕಡ್ಯಾಂವ
ತಮ್ಮಗ ಡಾಕ್ಟರ್ ಅಕ್ಕೋರು ಬರದದ್ದು ಜೋರಾಗಿ ಓದಿ ಹೇಳಿದೆ. "ಉಸಿರು ಎಳದಷ್ಟೂ ಕಳಕೋತೀವಿ" ಅನ್ನೋದನ್ನ ಎರಡು ಸಲ ಓದಿಸಿದ. ಪಾತಾಳಗರಡಿ ಹುಡಕ್ಲಾಕ ಹೋಗ್ಯಾನ.

ಆಶಾ ಅಕ್ಕ ಸುರಪುರ
ಎಲ್ಲಾರೂ ದೊಡ್ಡವರ ಉಸಿರಿನ ಮಾತಾಡ್ಲಾಕತ್ತೀರಿ, ಕೂಸುಗಳ ಬಗ್ಗೆ ನಾ ಹೇಳ್ತೀನಿ. ಕೆಮ್ಮು, ಜ್ವರ ಇದ್ದ ಕೂಸಿನ ಅಂಗಿ ಎತ್ತಿ ಹೊಟ್ಟಿ ನೋಡ್ರಿ, ಪೂರಾ ಒಂದು ನಿಮಿಷ ಉಸಿರು ಎಣಿಸ್ರಿ. ಎರಡು ತಿಂಗಳೊಳಗಿನ ಕೂಸಿಗೆ 60 ಇಲ್ಲಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದ ತನಕ 50 ಇಲ್ಲಾ ಹೆಚ್ಚು, ಒಂದರಿಂದ ಐದು ವರ್ಷದ ತನಕ 40 ಇಲ್ಲಾ ಹೆಚ್ಚು ಇದ್ರ ನ್ಯುಮೋನಿಯಾ ಇರಬಹುದು, ಅವತ್ತೇ ದವಾಖಾನಿಗೆ ಹೋಗಬೇಕು. ಉಸಿರು ಎಳಿಯೋವಾಗ ಪಕ್ಕಡಿ ಕೆಳಗ ಎದಿ ಒಳಗ ಜಗ್ಗಿದ್ರ ಎಣಿಸಕೋತ ಕೂಡಬ್ಯಾಡ್ರಿ, ಹೊತ್ತುಕೊಂಡು ನಡೀರಿ. ಹೊಟ್ಟಿಗೆ ಬರಿ ಕೊಡೋದು ನಮ್ಮ ಕಡಿ ಇನ್ನೂ ನಿಂತಿಲ್ಲ. ಆ ಸುಟ್ಟ ನೋವಿಗೆ ಕೂಸು ಸರಿಯಾಗಿ ಉಸಿರೂ ಎಳಿಯೂದಿಲ್ಲ. ಕೈ ಮುಗದು ಹೇಳ್ತೀನಿ, ಬರಿ ಕೊಡಬ್ಯಾಡ್ರಿ.

ಬಿಸಿಲೂರು ಹುಡುಗಿ
ಅಕ್ಕೋರ, ಕೂಸು ಮಲಗಿದಾಗ ಎಣಿಸಬಹುದೇನ್ರಿ?

ಆಶಾ ಅಕ್ಕ ಸುರಪುರ
ಹೂಂ, ಮಲಗಿದಾಗ ಎಣಿಸಬಹುದು. ಅಳುವಾಗ, ಹಾಲು ಕುಡಿಯುವಾಗ ಬ್ಯಾಡ, ಲೆಕ್ಕ ತಪ್ತದ. ಸಣ್ಣ ಕೂಸುಗಳು ನಡುವ ಒಂದೀಟು ಉಸಿರು ನಿಲ್ಲಿಸಿ ಮತ್ತ ಶುರು ಮಾಡ್ತಾವ, ಅದಕ್ಕೇ ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಬ್ಯಾಡ್ರಿ. ಎರಡು ತಿಂಗಳೊಳಗಿನ ಕೂಸಿಗೆ 60 ಇಲ್ಲಾ ಹೆಚ್ಚು ಬಂದ್ರ ಇನ್ನೊಮ್ಮೆ ಎಣಿಸಿ ನೋಡ್ರಿ, ಎರಡನೇ ಸಲಾನೂ ಹಂಗೇ ಇದ್ರ ತಡ ಮಾಡಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.